ಕಣಕಟ್ಟೆಯವರು ಕಂಡ ಹಲಸೂರು ಕೆರೆ

ಅರಸೀಕೆರೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಕಣಕಟ್ಟೆಯೂ ಒಂದು. ತಾಲ್ಲೂಕಿನ ಹೆಸರಿನಲ್ಲಿ ಕೆರೆಯಿದೆ; ಹೋಬಳಿಯ ಹೆಸರಿನಲ್ಲಿ ಕಟ್ಟೆಯಿದೆ. ಆದರೆ ಹೆಸರಿನಲ್ಲಿರುವ ನೀರು ಎಲ್ಲ ವರ್ಷವೂ ನೆಲದ ಮೇಲೆ ಇರುವುದಿಲ್ಲ. ಸಹ್ಯಾದ್ರಿಯ ಮಳೆ ಸಕಲೇಶಪುರದಲ್ಲಿ ಧಾರಾಳವಾಗಿ ಸುರಿದು, ಬೇಲೂರಿಗೆ ಬರುವ ವೇಳೆಗೆ ಕೈ ಬಿಗಿಹಿಡಿದು, ಅರಸೀಕೆರೆಯನ್ನು ಮುಟ್ಟುವಾಗ ಹೆಚ್ಚುಕಡಿಮೆ ಬರಿಗೈಯಾಗಿರುತ್ತದೆ. ಒಂದೇ ಹಾಸನ ಜಿಲ್ಲೆಯಲ್ಲಿ ಮಲೆನಾಡಿನ ಕೊಡೆಯೂ ಇದೆ, ಬಯಲುಸೀಮೆಯ ಬಿಸಿಲೂ ಇದೆ.

ಇಂತಹ ನೆಲದಲ್ಲಿ ಬಾಳಬೇಕಾದವರು ಕೆರೆ ಕಟ್ಟದೆ ಬೇರೇನು ಮಾಡಿಯಾರು? ಹೊಯ್ಸಳರ ಕಾಲದಲ್ಲಿ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಅರಸೀಕೆರೆಗೆ ಆ ಹೆಸರು ಬಂದಿತೆನ್ನುವರು. ಅಲ್ಲಿನ ನಕ್ಷತ್ರಾಕಾರದ ಮಂಟಪವುಳ್ಳ ಶಿವಾಲಯವೂ, ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ 1220ರ ಸುಮಾರಿನವು. ಹೊಯ್ಸಳರ ರಾಜಧಾನಿಯಾದರೂ ಏನು? ದೋರಸಮುದ್ರವೆಂಬುದು ಮೊದಲು ಒಂದು ಕೆರೆಯ ಹೆಸರು. ಪಟ್ಟಣದ ಹೆಸರಾದುದು ಆ ಬಳಿಕ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದಿತು. ಮುಂದೆ ರಾಜ್ಯವೇ ಅಳಿದು ಪಟ್ಟಣವು ಹಳೇಬೀಡಾಯಿತು. 2023ರಲ್ಲಿ ಅಲ್ಲಿಯ ದೇವಾಲಯವು ಬೇಲೂರು, ಸೋಮನಾಥಪುರಗಳ ಗುಡಿಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅರಸರು ಹೋದರು, ದಂಡುಗಳು ಹೋದವು. ದೇವಾಲಯದ ಮಗ್ಗುಲಲ್ಲಿ ಕೆರೆಯು ಮಾತ್ರ ಈಗಲೂ ಇದೆ.

ಕಣಕಟ್ಟೆ ಹೋಬಳಿಯ ಒಂದು ಹಳ್ಳಿಯಿಂದ ಎಪ್ಪತ್ತು ದಾಟಿದ ರೈತರೊಬ್ಬರು, ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿಗೆ ಬಂದರು. ಅವರ ತಂದೆ ಊರ ಕೆರೆಯ ನೀರಗಂಟಿಯಾಗಿದ್ದವರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ತೂಬನ್ನು ಎಂದು ಎತ್ತಬೇಕು, ಎಂದು ಮುಚ್ಚಬೇಕು ಎಂಬುದೆಲ್ಲ ಆ ಮನೆಯ ವಿದ್ಯೆ. ಕೆರೆ ತುಂಬುವುದು ಅಪರೂಪವಾದ ಮೇಲೆ ಆ ವಿದ್ಯೆಗೆ ಕೆಲಸವಿಲ್ಲವಾಯಿತು. ಗದ್ದೆಯು ಹೊಲವಾಯಿತು, ಕೊಳವೆಬಾವಿಯ ಆಧಾರದಿಂದ ತೆಂಗಿನ ತೋಟವೆದ್ದಿತು. ಮುಂದೆ ಬರಗಾಲದ ವರ್ಷಗಳು ಒಂದರ ಬೆನ್ನಿಗೊಂದು ಬಂದು, ಕೊಳವೆಬಾವಿಯೂ ಬರಿಯ ಗಾಳಿಯನ್ನು ಉಗುಳಿದಾಗ, ತೋಟದ ಅರ್ಧದಷ್ಟು ಮರಗಳು ಸುಳಿ ಬಾಗಿ ಒಣಗಿದವು. ಮಗನಿಗೆ ಬೆಂಗಳೂರಿನಲ್ಲಿ ಕಚೇರಿಯ ಕೆಲಸ. ತೋಟವನ್ನು ಮಾರಿ ತಂದೆಯು ತಮ್ಮೊಡನೆಯೇ ಇದ್ದುಬಿಡಲಿ ಎಂಬುದು ಅವನ ಆಸೆ. ತಂದೆಯನ್ನು ಕರೆಸಿಕೊಂಡುದೇ ಅದಕ್ಕಾಗಿ. ಆದರೆ ಮೂರು ದಿನವಾದರೂ ಮಾತು ಅವನ ಬಾಯಿಂದ ಹೊರಡಲೊಲ್ಲದು. ಕಡೆಗೆ ಎಂಟು ವರ್ಷದ ಮೊಮ್ಮಗಳು ದಾರಿ ತೋರಿಸಿದಳು. “ತಾತನಿಗೆ ದೋಣಿ ತೋರಿಸೋಣ” ಎಂದಳು. ಶನಿವಾರದ ಸಂಜೆ ಹಲಸೂರು ಕೆರೆಗೆ ಹೋಗುವುದೆಂದು ನಿಶ್ಚಯವಾಯಿತು.

ಎಪ್ಪತ್ತು ವರ್ಷ ಕೆರೆಯ ದಡದಲ್ಲಿ ಬಾಳಿದವರು ಒಮ್ಮೆಯೂ ದೋಣಿ ಹತ್ತಿರಲಿಲ್ಲವೆಂದರೆ ನಗರದವರಿಗೆ ಆಶ್ಚರ್ಯವಾಗಬಹುದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಯಲುಸೀಮೆಯ ಕೆರೆಯು ಪೈರಿಗಾಗಿ, ದನಕರುಗಳಿಗಾಗಿ, ಮಡಿವಾಳನ ಬಂಡೆಗಾಗಿ ಇರುವಂಥದು; ವಿಹಾರಕ್ಕಾಗಿ ಅಲ್ಲ. ಬಾಲ್ಯದಲ್ಲಿ ಒಮ್ಮೆ ಬಾಳೆದಿಂಡಿನ ತೆಪ್ಪ ಕಟ್ಟಿ ಕೆರೆಗಿಳಿದು, ತಂದೆಯಿಂದ ಹುಣಸೆ ಬರಲಿನ ಪೆಟ್ಟು ತಿಂದುದೇ ಅವರ ನೌಕಾಯಾನದ ಸಮಗ್ರ ಚರಿತ್ರೆ.

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಎಲ್ಲರೂ ಮೆಟ್ರೋ ರೈಲಿಗಾಗಿ ನೆಲದೊಳಕ್ಕೆ ಇಳಿದರು. ಜಾರುವ ಮೆಟ್ಟಿಲುಗಳನ್ನು ಕಂಡು ಹಿರಿಯರು ಕೊಂಚ ಹಿಂಜರಿದರು. ಮೊಮ್ಮಗಳು ಕೈ ಹಿಡಿದಳು. ಈ ಬಸ್ ನಿಲ್ದಾಣವು ಇರುವುದು ಧರ್ಮಾಂಬುಧಿಯೆಂಬ ಕೆರೆಯ ಅಂಗಳದಲ್ಲಿ. ನೀರು ಬತ್ತಿ, ಮೈದಾನವಾಗಿ, ಕಡೆಗೆ ನಿಲ್ದಾಣವಾಯಿತು. ರೈಲು ಮುಂದೆ ಸಾಗುವ ಸೀಮೆಯಲ್ಲಿಯೇ ಸಂಪಂಗಿ ಕೆರೆಯೂ ಇತ್ತು. ಅದರ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗಳಿಗೆಂದು ಒಂದು ಪುಟ್ಟ ಕೊಳದಷ್ಟನ್ನು ಮಾತ್ರ ಉಳಿಸಿದ್ದಾರೆ. ಸೊಸೆಯು ಇದನ್ನು ವಿವರಿಸಿದಾಗ ಹಿರಿಯರು ಮೇಲಕ್ಕೊಮ್ಮೆ ನೋಡಿ, “ಹಾಗಾದರೆ ಈಗ ನಾವಿರುವುದು ಕೆರೆಯ ಹೊಟ್ಟೆಯಲ್ಲಿ” ಎಂದರು. ಪಕ್ಕದಲ್ಲಿ ನಿಂತಿದ್ದ ತರುಣನೊಬ್ಬನು ಕಿವಿಯ ತಂತಿಯನ್ನು ತೆಗೆದು, ಈ ಮಾತನ್ನು ಕೇಳಿ, ಮತ್ತೆ ಸಿಕ್ಕಿಸಿಕೊಂಡನು.

ಟ್ರಿನಿಟಿ ನಿಲ್ದಾಣದಲ್ಲಿಳಿದು ಕೆರೆಯನ್ನು ಸೇರುವ ಹೊತ್ತಿಗೆ ಸಂಜೆ ಐದೂವರೆಯಾಗಿತ್ತು.

ಹಲಸೂರು ಕೆರೆಯ ವಿಸ್ತಾರವು ಸುಮಾರು 120 ಎಕರೆ. ಕೆಂಪೇಗೌಡರ ವಂಶದವರ ಕಾಲದ್ದೆಂದು ಪ್ರತೀತಿ. ಹಿಂದೆ ಇಲ್ಲಿ ಹಲಸಿನ ತೋಪಿದ್ದುದರಿಂದ ಊರಿಗೆ ಈ ಹೆಸರಾಯಿತೆಂದು ಹೇಳುವರು. ಸಮೀಪದಲ್ಲಿಯೇ ಪ್ರಾಚೀನವಾದ ಸೋಮೇಶ್ವರ ದೇವಾಲಯವಿದೆ. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲೊಂದು ಕೆರೆಯ ಬಳಿಯ ಬಂಡೆಯ ಮೇಲೆ, ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಸೈನಿಕ ಪಡೆಯ ಆವರಣದಲ್ಲಿದೆ. 1809ರಲ್ಲಿ ಆಂಗ್ಲರು ಈ ಕಡೆಯಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದಾಗ, ಸಿಪಾಯಿಗಳಿಗೂ ಅವರನ್ನು ನಂಬಿ ಬಂದ ವರ್ತಕರಿಗೂ ನೀರು ಬೇಕಾಗಿತ್ತು. ಹಲಸೂರು ಕೆರೆ ಅದನ್ನು ಒದಗಿಸಿತು. 1896ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ನೀರು ಕೊಳವೆಗಳಲ್ಲಿ ಬಂದಿತು. ಅಲ್ಲಿಂದೀಚೆಗೆ ಬೆಂಗಳೂರಿನವರು ಕೆರೆಯನ್ನು ಕುಡಿಯುವುದನ್ನು ಬಿಟ್ಟು ನೋಡುವುದನ್ನು ಕಲಿತರೆನ್ನಬಹುದು.

ದಡದಲ್ಲಿ ಒಂದು ಪುಟ್ಟ ಪ್ರಪಂಚವೇ ನೆರೆದಿತ್ತು. ಕಡಲೆಕಾಯಿಯವನು ಕಾಗದದ ಪೊಟ್ಟಣ ಸುತ್ತುತ್ತಿದ್ದನು. ವೈದ್ಯರ ಅಪ್ಪಣೆಯಂತೆ ನಡೆಯುವವರು ಕೈ ಬೀಸಿ ನಡೆಯುತ್ತಿದ್ದರು. ಅಪ್ಪಣೆಯಿಲ್ಲದವರು ಕುಳಿತು ಅವರನ್ನು ನೋಡುತ್ತಿದ್ದರು. ಒಂದು ಕಡೆ ಗುರುದ್ವಾರದ ಬಿಳಿಯ ಗುಮ್ಮಟವು ಇಳಿಬಿಸಿಲಿಗೆ ಹೊಂಬಣ್ಣವನ್ನು ತಾಳಿತ್ತು. ಕೆರೆಯಿಂದ ತುಸು ದೂರದಲ್ಲಿ ತಿರುವಳ್ಳುವರ್ ಪ್ರತಿಮೆಯಿದೆ; ಬಹುಕಾಲ ಮುಸುಕಿನಲ್ಲಿದ್ದು 2009ರಲ್ಲಿ ಅದರ ಅನಾವರಣವಾಯಿತು. ಗಣೇಶನ ವಿಸರ್ಜನೆಗೆಂದು ಬೇರೆಯಾಗಿಯೇ ಕಟ್ಟಿದ ಕಲ್ಯಾಣಿಯೂ ಕೆರೆಯ ಮಗ್ಗುಲಲ್ಲಿದೆ. ಹೀಗೆ ಸಿಖ್ಖರ ಗುಡಿ, ತಮಿಳು ಕವಿ, ಕನ್ನಡದ ಗೋಪುರ, ಸಿಪಾಯಿಗಳ ಕಹಳೆ, ಇವೆಲ್ಲವೂ ಒಂದೇ ನೀರಿನ ಸುತ್ತ ನೆಲೆಸಿವೆ.

ರಾಜ್ಯದ ಪ್ರವಾಸೋದ್ಯಮ ನಿಗಮವು ಈ ಕೆರೆಯಲ್ಲಿ ಅನೇಕ ವರ್ಷ ದೋಣಿಗಳನ್ನು ನಡೆಸಿದೆ. ಜೊಂಡು ಹಬ್ಬಿದಾಗ ವಿಹಾರವು ನಿಲ್ಲುವುದೂ, ನೀರು ತಿಳಿಯಾದಾಗ ಮತ್ತೆ ಆರಂಭವಾಗುವುದೂ ಉಂಟು. ಆ ಸಂಜೆ ಅದೃಷ್ಟವಶಾತ್ ದೋಣಿಯಿತ್ತು. ತೇಲುವ ಅಂಗಿಯನ್ನು ತೊಡಿಸಲು ಬಂದಾಗ ಹಿರಿಯರು ಮೊದಲು ಒಲ್ಲೆನೆಂದರು. ಹೆಗಲ ಮೇಲಿನ ವಲ್ಲಿಯನ್ನು ಎಲ್ಲಿಡುವುದೆಂಬುದೇ ಅವರ ಚಿಂತೆ. ಕಡೆಗೆ ಅದನ್ನು ತಲೆಗೆ ಸುತ್ತಿ, ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಮದುವೆಯ ಗಂಡಿನ ಗಾಂಭೀರ್ಯದಿಂದ ದೋಣಿಯಲ್ಲಿ ಕುಳಿತರು. ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ.

ದೋಣಿಯು ದಡವನ್ನು ಬಿಟ್ಟಿತು. ನೂರು ಗಜ ಹೋಗುವುದರೊಳಗಾಗಿ ನಗರದ ಸದ್ದು ಒಂದು ಮಾತ್ರೆ ಇಳಿಯಿತು. ವಾಹನಗಳ ಕೂಗು ಇಲ್ಲವಾಗಲಿಲ್ಲ. ಆದರೆ ಅದು ಪಕ್ಕದ ಮನೆಯ ಜಗಳದಂತೆ ದೂರವಾಯಿತು. ಕೆರೆಯ ನಡುವಿನ ನಡುಗಡ್ಡೆಗಳಲ್ಲಿ ಮರಗಳು ನೀರಿನತ್ತ ಬಾಗಿವೆ. ಸಂಜೆಯಾದಂತೆ ಬೆಳ್ಳಕ್ಕಿಗಳು ಸಾಲುಸಾಲಾಗಿ ಬಂದು ಅವುಗಳ ಮೇಲೆ ಇಳಿಯತೊಡಗಿದವು. ನೀರುಕಾಗೆಯೊಂದು ಬೋಳುಕೊಂಬೆಯ ಮೇಲೆ ರೆಕ್ಕೆಗಳನ್ನು ಅಗಲವಾಗಿ ಹರಡಿ ಕುಳಿತಿತ್ತು. “ಅದೇಕೆ ಹಾಗೆ ಕೂತಿದೆ?” ಎಂದು ಮಗು ಕೇಳಿತು. “ಅದರ ಗರಿಯ ಅಂಚುಗಳು ನೀರು ಹೀರುವಂಥವು. ಮುಳುಗಿ ಮೀನು ಹಿಡಿದರೆ ಗರಿ ತೊಯ್ದುಬಿಡುತ್ತದೆ. ಅದನ್ನು ಒಣಗಿಸಿಕೊಳ್ಳುತ್ತಿದೆ” ಎಂದು ತಾಯಿ ಹೇಳಿದಳು. “ನಮ್ಮೂರಿನಲ್ಲಿಯೂ ಬರುತ್ತಿದ್ದವು” ಎಂದರು ಹಿರಿಯರು. ನೀರಿದ್ದಾಗ ಎಂದು ಅವರು ಸೇರಿಸಲಿಲ್ಲ; ಸೇರಿಸಬೇಕಾಗಿರಲಿಲ್ಲ.

ಆಮೇಲೆ ಅವರು ಹಕ್ಕಿಗಳನ್ನು ಬಿಟ್ಟು ದಡವನ್ನು ನೋಡತೊಡಗಿದರು. ಒಂದು ಸುತ್ತು ದೃಷ್ಟಿ ಹಾಯಿಸಿದರು. ಮತ್ತೊಂದು ಸುತ್ತು ಹಾಯಿಸಿದರು. ಏನನ್ನೋ ಕಳೆದುಕೊಂಡವರಂತಿತ್ತು ಅವರ ನೋಟ.

“ತೂಬು ಎಲ್ಲಿ?” ಎಂದರು ಕಡೆಗೆ.

ದೋಣಿಯವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೊಮ್ಮಗಳು, “ತೂಬು ಎಂದರೇನು?” ಎಂದಳು. ಹಿರಿಯರು ಮಗನ ಮುಖ ನೋಡಿದರು. ಮಗ ನೀರನ್ನು ನೋಡಿದನು. ನೀರಗಂಟಿಯ ಮರಿಮಗಳಿಗೆ ತೂಬು ಎಂದರೇನೆಂದು ತಿಳಿಯದು. ಅದು ಅವಳ ತಪ್ಪೂ ಅಲ್ಲ.

ಹಿರಿಯರು ಅಂಗೈಯನ್ನು ಬೋಗುಣಿಯಂತೆ ಹಿಡಿದು ಪಾಠ ಆರಂಭಿಸಿದರು. ಬೆರಳುಗಳು ಏರಿ. ಏರಿಯ ಕೆಳಭಾಗದಲ್ಲಿ ನೀರು ಹೊರಡಲು ಕಲ್ಲಿನ ಕಂಡಿ, ಅದೇ ತೂಬು. ತೂಬಿನಿಂದ ಕಾಲುವೆ, ಕಾಲುವೆಯಿಂದ ಗದ್ದೆ. ಹಾಗೆ ನೀರುಣ್ಣುವ ನೆಲವೆಲ್ಲ ಸೇರಿ ಅಚ್ಚುಕಟ್ಟು. ಮಳೆ ಹೆಚ್ಚಾದರೆ ಏರಿ ಒಡೆಯಬಾರದಲ್ಲ, ಅದಕ್ಕೆಂದು ಒಂದು ಮಗ್ಗುಲಲ್ಲಿ ತಗ್ಗು ಬಿಟ್ಟಿರುತ್ತಾರೆ. ತುಂಬಿದ ನೀರು ಅಲ್ಲಿಂದ ಉಕ್ಕಿ ಹರಿಯುವುದೇ ಕೋಡಿ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ತಾಯಿ. “ಕೆರೆ ಕೋಡಿ ಬಿದ್ದ ದಿನ ಊರಿಗೆ ಊರೇ ಬಂದು ಬಾಗಿನ ಕೊಡುತ್ತಿತ್ತು. ನಿಮ್ಮಪ್ಪ ಅಂದು ಶಾಲೆ ತಪ್ಪಿಸಿಕೊಂಡು ಕೋಡಿಯಲ್ಲಿ ಮೀನು ಹಿಡಿದಿದ್ದ” ಎಂದರು. ಇದುವರೆಗೆ ತಿಳಿಯದ ಈ ಸಮಾಚಾರವು ಮಗುವಿಗೆ ಎಲ್ಲಕ್ಕಿಂತ ರುಚಿಸಿತು.

“ಈ ಕೆರೆಯ ಅಚ್ಚುಕಟ್ಟು ಯಾವುದು?” ಎಂಬುದು ಅವರ ಮುಂದಿನ ಪ್ರಶ್ನೆ. ಅದಕ್ಕೆ ದೋಣಿಯವನು ನಕ್ಕು ಸುತ್ತಲಿನ ಕಟ್ಟಡಗಳನ್ನು ತೋರಿಸಿದನು.

ಅವನ ಉತ್ತರ ತಮಾಷೆಯದಾದರೂ ಸುಳ್ಳಲ್ಲ. ಹಲಸೂರು ಕೆರೆಗೆ ಈಗ ಗದ್ದೆಯಿಲ್ಲ. ಕೋಡಿಯ ದಾರಿ ಮಾತ್ರ ಇದೆ. ಇಲ್ಲಿಂದ ಹೊರಟ ನೀರು ರಾಜಕಾಲುವೆಗಳಲ್ಲಿ ಹರಿದು ಬೆಳ್ಳಂದೂರು ಕೆರೆಯನ್ನೂ, ಅಲ್ಲಿಂದ ವರ್ತೂರು ಕೆರೆಯನ್ನೂ ಸೇರಿ, ಮುಂದೆ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ದಾರಿಯುದ್ದಕ್ಕೂ ಊರಿನ ಕೊಳಚೆ ಅದಕ್ಕೆ ಬೆರೆಯುತ್ತದೆ. ಬೆಳ್ಳಂದೂರು ಕೆರೆಯು 2015ರಲ್ಲಿ ನೊರೆ ಕಾರಿದುದೂ, ನೀರಿನ ಮೇಲೆಯೇ ಬೆಂಕಿ ಹೊತ್ತಿಕೊಂಡುದೂ ಪತ್ರಿಕೆಗಳನ್ನೋದುವವರು ಬಲ್ಲ ಸಂಗತಿ. ನೀರಿಗೆ ಬೆಂಕಿ ಬಿದ್ದಿತೆಂದರೆ ಹಿಂದಿನವರು ಗಾದೆಯೆಂದು ತಿಳಿಯುತ್ತಿದ್ದರು.

ಹಲಸೂರಿಗೂ ಆ ಸಂಕಟ ತಪ್ಪಲಿಲ್ಲ. 2016ರ ಮಾರ್ಚಿಯಲ್ಲಿ ಒಂದು ಬೆಳಗ್ಗೆ ಸಾವಿರಾರು ಮೀನುಗಳು ಸತ್ತು ದಡಕ್ಕೆ ತೇಲಿಬಂದವು. ಮೀನಿಗೂ ಉಸಿರು ಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವೇ ಅದರ ಉಸಿರು. ಕೊಳಚೆ ಬೆರೆತಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಹೆಚ್ಚಿ ಆ ಆಮ್ಲಜನಕವನ್ನು ತಾವೇ ನುಂಗುತ್ತವೆ. ಬೇಸಗೆಯಲ್ಲಿ ಬೆಚ್ಚಗಾದ ನೀರು ಅದನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳಲಾರದು. ರಾತ್ರಿಯಲ್ಲಿ ಪಾಚಿಯೂ ಆಮ್ಲಜನಕವನ್ನು ಕೊಡುವ ಬದಲು ತೆಗೆದುಕೊಳ್ಳುತ್ತದೆ. ಹೀಗಾಗಿ ಬೆಳಗಿನ ಜಾವದಲ್ಲಿ ಮೀನುಗಳಿಗೆ ಉಸಿರು ಕಟ್ಟುತ್ತದೆ. ದೋಣಿಯವನು ಈ ಶಾಸ್ತ್ರವನ್ನು ಹೇಳಲಿಲ್ಲ. “ಮೀನು ಸತ್ತ ವರ್ಷ ಒಂದು ವಾರ ಯಾರೂ ಇತ್ತ ಸುಳಿಯಲಿಲ್ಲ, ಸ್ವಾಮಿ. ನಾವು ಮಾತ್ರ ಬರುತ್ತಿದ್ದೆವು. ನಾವೆಲ್ಲಿಗೆ ಹೋಗುವುದು?” ಎಂದನಷ್ಟೆ. ಹಿರಿಯರು ಅವನ ಕಡೆಗೆ ತಿರುಗಿ ಕುಳಿತರು. ಆ ದೋಣಿಯಲ್ಲಿ ಅವರಿಗೆ ನಂಟನೊಬ್ಬನು ಸಿಕ್ಕಂತಾಗಿತ್ತು.

ಈ ಮಾತುಕತೆಯ ನಡುವೆ ಸೂರ್ಯನು ಯಾರಿಗೂ ಕಾಯದೆ ಇಳಿದಿದ್ದನು. ಬೆಂಗಳೂರು ಭೂಮಧ್ಯರೇಖೆಗೆ ಹದಿಮೂರು ಡಿಗ್ರಿಗಳಷ್ಟೇ ಉತ್ತರದಲ್ಲಿರುವುದರಿಂದ ಇಲ್ಲಿ ಸೂರ್ಯನು ಓರೆಯಾಗಿ ತಡವರಿಸದೆ ನೇರವಾಗಿ ಮುಳುಗುತ್ತಾನೆ; ಸಂಜೆಗೆಂಪು ಬಹಳ ಹೊತ್ತು ನಿಲ್ಲುವುದಿಲ್ಲ. ಚಳಿಗಾಲವಾದುದರಿಂದ ಅವನು ಪಡುವಣಕ್ಕಿಂತ ತುಸು ತೆಂಕಣಕ್ಕೆ ಸರಿದು, ಮಹಾತ್ಮಾ ಗಾಂಧಿ ರಸ್ತೆಯ ಎತ್ತರದ ಕಟ್ಟಡಗಳ ಸಂದಿನಲ್ಲಿ ಸಿಕ್ಕಿಕೊಂಡಿದ್ದನು. ಕ್ಷಣಕಾಲ ಗಾಜಿನ ಗೋಡೆಗಳೆಲ್ಲ ಹೊತ್ತಿ ಉರಿದವು. ಆ ಬೆಳಕು ನೀರಿಗಿಳಿದು, ದೋಣಿಯ ಅಂಚಿನವರೆಗೆ ತಾಮ್ರದ ತಗಡಿನಂತೆ ಹಾಸಿಕೊಂಡಿತು. ಕೊಳಕು, ಜೊಂಡು, ತೇಲುವ ಬಾಟಲಿ, ಯಾವುದೂ ಆಗ ಕಾಣಲಿಲ್ಲ. ದೋಣಿಯವನು ಹುಟ್ಟನ್ನು ಎತ್ತಿ ಹಿಡಿದನು. ಹುಟ್ಟಿನ ತುದಿಯಿಂದ ಕೆಂಪಾದ ಹನಿಗಳು ಒಂದೊಂದಾಗಿ ಬಿದ್ದವು. ಯಾರೂ ಮಾತಾಡಲಿಲ್ಲ.

ಮಗುವೇ ಮೌನವನ್ನು ಮುರಿದಳು. “ತಾತ, ನಿಮ್ಮ ಕೆರೆ ಇದಕ್ಕಿಂತ ಚೆಂದವೆ?”

ಈ ಪ್ರಶ್ನೆಗೆ ಹಳ್ಳಿಯ ಹಿರಿಯನೊಬ್ಬನು ಕೊಡಬಹುದಾದ ಉತ್ತರವನ್ನು ಓದುಗರು ಊಹಿಸಿಕೊಂಡಿರಬಹುದು. ಆದರೆ ಅವರು ಹಾಗೆ ಹೇಳಲಿಲ್ಲ. ದಡದ ಕಡೆ ಕೈ ತೋರಿಸಿ, “ಅಲ್ಲಿ ನೋಡು, ಎಷ್ಟು ಜನ! ನಮ್ಮಲ್ಲಿ ಕೆರೆ ತುಂಬಿದ ದಿನ ಮಾತ್ರ ನೋಡಲು ಹೋಗುತ್ತೇವೆ. ಬತ್ತಿದ ಕೆರೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಹೂಳು ತೆಗೆಯುವವರೂ ಇಲ್ಲ. ಇವರಿಗೆ ಇದರಿಂದ ಒಂದು ಹಿಡಿ ಭತ್ತವಿಲ್ಲ, ಒಂದು ತಂಬಿಗೆ ಕುಡಿಯುವ ನೀರಿಲ್ಲ. ಆದರೂ ದಿನವೂ ಬಂದು ನೋಡುತ್ತಾರಲ್ಲ!” ಎಂದರು. ಅವರ ದನಿಯಲ್ಲಿದ್ದುದು ಹಂಗಿಸುವ ಭಾವವಲ್ಲ, ನಿಜವಾದ ಬೆರಗು.

ಆ ಬೆರಗಿನಲ್ಲಿ ನಾಗರಿಕರು ಯೋಚಿಸಬೇಕಾದ ಮಾತಿದೆ. ಬೆಂಗಳೂರಿನ ಮನೆಯ ನಲ್ಲಿಯಲ್ಲಿ ಬರುವ ಕಾವೇರಿಯು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಸುಮಾರು ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿ ಬರಬೇಕು. 1974ರಲ್ಲಿ ಮೊದಲ ಹಂತದ ನೀರು ಬಂದಿತು. 2024ರಲ್ಲಿ ಐದನೆಯ ಹಂತವೂ ಆರಂಭವಾಯಿತು. ಹಾಗೆ ಬಳಸಿ ಚೆಲ್ಲಿದ ನೀರನ್ನು ಶುದ್ಧೀಕರಿಸಿ, ಇದೇ ಬೆಳ್ಳಂದೂರಿನ ಕಣಿವೆಯಿಂದ, 2018ರಲ್ಲಿ ಕೋಲಾರದ ಒಣ ಕೆರೆಗಳಿಗೆ ಹರಿಸತೊಡಗಿದರು. ಅರಸೀಕೆರೆಯ ಸೀಮೆಗೂ ಇಂಥದೊಂದು ಭರವಸೆಯಿದೆ. ಸಕಲೇಶಪುರದ ಹಳ್ಳಗಳ ನೀರನ್ನು ಮೂಡಣಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಹೀಗೆ ಒಂದೂರಿನ ನೀರು ಮತ್ತೊಂದೂರಿನ ಕೆರೆಗೆ ಬರುವ ಕಾಲವಿದು. ಆದರೆ ಬರುವ ನೀರಿಗೆ ಕಾದು ನಿಲ್ಲಲು ಏರಿ ಗಟ್ಟಿಯಾಗಿರಬೇಕು, ಹೂಳು ತೆಗೆದಿರಬೇಕು, ತೂಬು ಎಲ್ಲಿದೆಯೆಂದು ಬಲ್ಲವನೊಬ್ಬನು ಊರಿನಲ್ಲಿ ಉಳಿದಿರಬೇಕು. ಕೆರೆಯೆಂದರೆ ನೀರು ಮಾತ್ರವಲ್ಲ. ಅದರ ಮರ್ಮ ಬಲ್ಲ ಮನುಷ್ಯರೂ ಕೆರೆಯ ಭಾಗವೇ.

ಅರ್ಧ ಗಂಟೆ ಮುಗಿದಿತ್ತು. ದೋಣಿಯು ದಡಕ್ಕೆ ತಾಗಿತು. ರಸ್ತೆಯ ದೀಪಗಳು ಹೊತ್ತಿಕೊಂಡು, ನೀರಿನಲ್ಲಿ ಉದ್ದುದ್ದ ಗೆರೆಗಳಾಗಿ ನಡುಗತೊಡಗಿದ್ದವು. ಸೈನ್ಯದ ಆವರಣದ ಕಡೆಯಿಂದ ಕಹಳೆಯ ದನಿಯೊಂದು ತೇಲಿಬಂದಿತು. ನಡುಗಡ್ಡೆಯ ಮರಗಳು ಬೆಳ್ಳಕ್ಕಿಗಳಿಂದ ಬೆಳ್ಳಗಾಗಿದ್ದವು. ಹಿರಿಯರು ತೇಲುವ ಅಂಗಿಯನ್ನು ಬಿಚ್ಚಿ, ವಲ್ಲಿಯನ್ನು ಮತ್ತೆ ಹೆಗಲಿಗೇರಿಸಿ, ದೋಣಿಯವನಿಗೆ ಕೈ ಮುಗಿದರು. ಅವನು ಗಡಿಬಿಡಿಗೊಂಡು ತಾನೂ ಮುಗಿದನು. ಟಿಕೆಟು ಕೊಂಡು ಬಂದವರು ಅವನಿಗೆ ಕೈ ಮುಗಿಯುವುದು ದಿನದ ವಾಡಿಕೆಯಲ್ಲವೆಂದು ತೋರುತ್ತದೆ.

ಕಡಲೆಕಾಯಿ ತಿನ್ನುತ್ತ ನಿಲ್ದಾಣದ ಕಡೆಗೆ ನಡೆಯುವಾಗ ಮಗನು ಕಡೆಗೂ ತೋಟದ ಮಾತೆತ್ತಿದನು. ಕೊಳ್ಳುವವರೊಬ್ಬರು ಬಂದಿರುವರು, ಬೆಲೆಯೂ ಕೆಟ್ಟದ್ದಲ್ಲ, ಅಲ್ಲಿ ಒಬ್ಬರೇ ಎಷ್ಟು ದಿನ ಇರುವುದು? ಎಲ್ಲವೂ ನ್ಯಾಯವಾದ ಮಾತುಗಳೇ. ಹಿರಿಯರು ಅಡ್ಡಬಾಯಿ ಹಾಕದೆ ಕೇಳಿದರು. ತಮ್ಮ ಕೈಯ ಕಡಲೆಕಾಯಿಯನ್ನೆಲ್ಲ ಸುಲಿದು ಮೊಮ್ಮಗಳ ಅಂಗೈಗೆ ಹಾಕಿದರು.

“ಮಾರುವ ಮಾತನ್ನು ಮುಂದಿನ ಮಳೆ ನೋಡಿಕೊಂಡು ಆಡೋಣ. ಮರ ಅರ್ಧ ಹೋಗಿವೆ, ಅರ್ಧ ಇವೆ. ಅದಕ್ಕೆ ಮೊದಲು ಬೇಸಗೆ ರಜೆಗೆ ಇವಳನ್ನು ಕಳಿಸು” ಎಂದರು.

“ಬೇಸಗೆಯಲ್ಲಿ ಅಲ್ಲೇನಿರುತ್ತದೆ ಅಪ್ಪ? ಕೆರೆಯಲ್ಲಿ ಒಂದು ಹನಿ ನೀರಿರುವುದಿಲ್ಲ.”

“ಇರುವುದಿಲ್ಲ. ಅದಕ್ಕೇ ಕಳಿಸು ಎಂದೆ. ನೀರಿದ್ದಾಗ ತೂಬು ಕಾಣುವುದಿಲ್ಲ. ಬತ್ತಿದಾಗ ಕೆರೆಯೊಳಕ್ಕೆ ನಡೆದುಕೊಂಡು ಹೋಗಿ ಕೈಯಿಂದ ಮುಟ್ಟಬಹುದು.”

ಮಗನು ಮರುಮಾತಾಡಲಿಲ್ಲ. ಮೊಮ್ಮಗಳು ಅಂಗೈಯನ್ನು ಬೋಗುಣಿಯಂತೆ ಹಿಡಿದು, ಅದರಲ್ಲಿದ್ದ ಕಡಲೆಕಾಯಿಯು ಬೆರಳ ಸಂದಿನಿಂದ ಉದುರದಂತೆ ಬಲು ಎಚ್ಚರದಿಂದ, ತಾತನ ಪಕ್ಕದಲ್ಲಿ ನಡೆಯುತ್ತಿದ್ದಳು. ಸೋಮವಾರದ ಬೆಳಗಿನ ರೈಲಿಗೆ ಹಿರಿಯರು ಅರಸೀಕೆರೆಗೆ ಹೊರಟರು.